ಟಿಬಿ ಹೋದರೂ ಬಿಡದ ಕೆಮ್ಮು

ಆರು ತಿಂಗಳು ಮಾತ್ರೆ ನುಂಗಿ, ಟಿಬಿ ವಾಸಿಯಾಗಿದೆ ಎಂದು ಕಾರ್ಡಿನಲ್ಲಿ ಬರೆಸಿಕೊಂಡು ಹೋದವರಲ್ಲಿ ಕೆಲವರು ವರ್ಷ ಎರಡು ವರ್ಷದೊಳಗೆ ಮತ್ತೆ ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಾರೆ. ಕೆಮ್ಮು ಬಿಟ್ಟಿಲ್ಲ, ತೂಕ ಇಳಿಯುತ್ತಿದೆ, ನಾಲ್ಕು ಹೆಜ್ಜೆ ನಡೆದರೆ ದಮ್ಮು, ಕಫದಲ್ಲಿ ಆಗಾಗ ರಕ್ತದ ಎಳೆ. ಕಫ ಪರೀಕ್ಷೆಗೆ ಕೊಟ್ಟರೆ ಟಿಬಿ ರೋಗಾಣು ಸಿಗುವುದಿಲ್ಲ. ಎಕ್ಸ್‌ರೇ ತೆಗೆದರೆ ಶ್ವಾಸಕೋಶದ ಮೇಲ್ಭಾಗ ಹಾಳಾಗಿರುವುದು ಎದ್ದು ಕಾಣುತ್ತದೆ. ಕಫದಲ್ಲಿ ಸಿಗದ ಟಿಬಿ ಇರಬೇಕೆಂದು ಮತ್ತೊಂದು ಸುತ್ತು ಮಾತ್ರೆ ಶುರುವಾಗುತ್ತದೆ. ಹೀಗೆ ಬಂದವರಲ್ಲಿ ಎಷ್ಟು ಮಂದಿಗೆ ಮರುಕಳಿಸಿದ್ದು ನಿಜಕ್ಕೂ ಟಿಬಿ, ಎಷ್ಟು ಮಂದಿಯ ಎದೆಯೊಳಗೆ ಬೆಳೆದದ್ದು ಬೂಷ್ಟು ಎಂಬುದು ನೂರು ವರ್ಷಕ್ಕೂ ಹಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಪರೀಕ್ಷೆ ಈಗ ಇದೆ. ತಾಲ್ಲೂಕಿಗೆ ಬಂದಿಲ್ಲ ಅಷ್ಟೆ.

ಬೂಷ್ಟಿನ ಹೆಸರು ಆಸ್ಪರ್ಜಿಲಸ್. ತಿಪ್ಪೆಯಲ್ಲಿ, ಕೊಳೆತ ಸೊಪ್ಪಿನಲ್ಲಿ, ನೆಂದ ಕಾಳಿನಲ್ಲಿ, ಮನೆಯ ಗೋಡೆಯಲ್ಲಿ ಎಲ್ಲೆಲ್ಲೂ ಇರುವಂಥದ್ದು. ಅದರ ಬೀಜಕಣ ಎರಡು ಮೂರು ಮೈಕ್ರೋಮೀಟರಿನಷ್ಟೇ ದಪ್ಪ. ಹಾಗಾಗಿ ಮೂಗು ಗಂಟಲು ದಾಟಿ ಶ್ವಾಸಕೋಶದ ತುದಿಯವರೆಗೂ ಇಳಿಯುತ್ತದೆ. ನಾವೆಲ್ಲ ದಿನಕ್ಕೆ ನೂರಾರು ಕಣ ಸೇದುತ್ತೇವೆ, ಮೈಯ ಕಾವಲು ಪಡೆ ಅವನ್ನು ತಿಂದು ಹಾಕುತ್ತದೆ. ಕಾವಲು ಇಲ್ಲದ ಮೂಲೆಯೊಂದು ಶ್ವಾಸಕೋಶದಲ್ಲಿ ಉಂಟಾದಾಗ ತೊಂದರೆ ಶುರು. ನಿಧಾನಕ್ಕೆ, ತಿಂಗಳು ವರ್ಷಗಳ ಲೆಕ್ಕದಲ್ಲಿ ಬೆಳೆಯುವ ಈ ರೋಗಕ್ಕೆ ದೀರ್ಘಕಾಲೀನ ಶ್ವಾಸಕೋಶದ ಆಸ್ಪರ್ಜಿಲೋಸಿಸ್ ಎಂದು ಹೆಸರು. ವೈದ್ಯರು ಮೊಟಕಾಗಿ ಸಿಪಿಎ ಎನ್ನುತ್ತಾರೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಕಣ್ಣಮುಂದೆ ಇಟ್ಟುಕೊಂಡು ಈ ಪ್ರಶ್ನೆಯನ್ನು ನೋಡಲು ಕಾರಣವಿದೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುವ ಒಣಸೀಮೆ ಇದು. ಬರ ಬಿದ್ದ ವರ್ಷ ಗುಳೆ ಹೋಗುವವರ ನಾಡು. ಪಕ್ಕದ ಸಂಡೂರಿನ ಗಣಿಗಳಿಗೆ ಕೂಲಿಗೆ ಹೋಗುವವರೂ ಇದ್ದಾರೆ. ಎದೆರೋಗ ತಜ್ಞರನ್ನು ಕಾಣಬೇಕೆಂದರೆ ಕೂಡ್ಲಿಗಿಯವರು ಬಳ್ಳಾರಿಗೆ, ಹರಪನಹಳ್ಳಿಯವರು ದಾವಣಗೆರೆಗೆ, ತುಂಗಭದ್ರೆಯ ದಡದ ಹಡಗಲಿಯವರು ಹೊಳೆ ದಾಟಿ ಗದಗಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಜಿಲ್ಲೆ ಹುಟ್ಟಿದ್ದೇ 2021ರಲ್ಲಿ. ಅದಕ್ಕೂ ಮೊದಲು ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ತಿರುಗಿ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. ಒಬ್ಬನೇ ರೋಗಿಯ ಎಕ್ಸ್‌ರೇ ಮೂರು ಊರುಗಳ ಮೂರು ಕವರುಗಳಲ್ಲಿ ಉಳಿದುಬಿಡುವ ಸೀಮೆ. ಹಳೆಯ ಎಕ್ಸ್‌ರೇಯ ಪಕ್ಕ ಹೊಸದನ್ನು ಇಟ್ಟು ನೋಡದೆ ಈ ರೋಗ ಪತ್ತೆಯಾಗುವುದು ಕಷ್ಟ. ಅದಕ್ಕೇ ಈ ಮಾತು.

ಪ್ಯಾರಿಸ್ಸಿನ ಪಾರಿವಾಳದವರು

ಮನುಷ್ಯನ ಶ್ವಾಸಕೋಶದಲ್ಲಿ ಬೂಷ್ಟು ಕಂಡ ಮೊದಲ ವರದಿಗಳಲ್ಲಿ ಒಂದು 1842ರದು. ಎಡಿನ್‌ಬರೊದ ಜಾನ್ ಹ್ಯೂಸ್ ಬೆನೆಟ್ ಎಂಬ ವೈದ್ಯ ಕ್ಷಯರೋಗಿಯೊಬ್ಬನ ಶ್ವಾಸಕೋಶದಲ್ಲಿ, ಕಫದಲ್ಲಿ ಅದನ್ನು ಸೂಕ್ಷ್ಮದರ್ಶಕದಡಿ ನೋಡಿದ. ಕ್ಷಯದ ಜೊತೆಗೇ ಅದು ಕಾಣಿಸಿಕೊಂಡಿತು ಎಂಬುದನ್ನು ಗಮನಿಸಬೇಕು. ಮುಂದಿನ ವಾದವೆಲ್ಲ ಹುಟ್ಟಿದ್ದು ಆ ಜೊತೆಗಾರಿಕೆಯಿಂದಲೇ.

1890ರಲ್ಲಿ ಪ್ಯಾರಿಸ್ಸಿನ ಡಿಯುಲಾಫೋಯ್, ಶಾಂತೆಮೆಸ್, ವಿಡಾಲ್ ಎಂಬ ಮೂವರು ವಿಚಿತ್ರ ಕಸುಬಿನವರ ಕಾಯಿಲೆಯನ್ನು ಮುಂದಿಟ್ಟರು. ಮಾರುಕಟ್ಟೆಗೆ ಪಾರಿವಾಳ ಕೊಬ್ಬಿಸುವವರು ಕಾಳು ಮತ್ತು ನೀರನ್ನು ತಮ್ಮ ಬಾಯಲ್ಲಿ ತುಂಬಿಕೊಂಡು, ಹಕ್ಕಿಯ ಕೊಕ್ಕಿಗೆ ಬಾಯಿಟ್ಟು ಉಣಿಸುತ್ತಿದ್ದರು. ಅವರಿಗೆ ಕ್ಷಯದಂಥ ಕೆಮ್ಮು, ರಕ್ತ ಬರುತ್ತಿತ್ತು. ಕಫದಲ್ಲಿ ಸಿಕ್ಕಿದ್ದು ಕಾಳಿನ ಬೂಷ್ಟು. ರೆನೋನ್ 1897ರಲ್ಲಿ ಇದರ ಮೇಲೆ ಒಂದು ಗ್ರಂಥವನ್ನೇ ಬರೆದು, ಇದು ಕ್ಷಯವಲ್ಲ, ಬೂಷ್ಟಿನದೇ ರೋಗ ಎಂದು ವಾದಿಸಿದ. ಕ್ಷಯ ಕೆಡಿಸಿದ ಜಾಗದಲ್ಲಿ ಬೂಷ್ಟು ಸುಮ್ಮನೆ ಬಂದು ಕೂತಿದೆ, ಅಷ್ಟಕ್ಕೆ ರೋಗ ಎನ್ನಬೇಕೇ ಎಂದು ಕೇಳಿದವರೂ ಇದ್ದರು. ಇಂದಿನ ಎರಡು ಮುಖ್ಯ ಪಂಥಗಳ ಬೇರು ಅಲ್ಲಿದೆ. ಒಂದು ಪಂಥ ದೂಳನ್ನು ದೂರುತ್ತದೆ, ಇನ್ನೊಂದು ಕೆಟ್ಟ ಶ್ವಾಸಕೋಶವನ್ನು.

ಮೂರನೆಯ ದಾರಿ ತೆರೆದದ್ದು 1952ರಲ್ಲಿ. ಬ್ರಿಟನ್ನಿನ ಹಿನ್ಸನ್, ಮೂನ್, ಪ್ಲಮರ್ ಆಸ್ತಮಾ ಇರುವ ಕೆಲವರಲ್ಲಿ ಇದೇ ಬೂಷ್ಟು ಸೋಂಕಿಗಿಂತ ಹೆಚ್ಚಾಗಿ ಅಲರ್ಜಿಯಾಗಿ ಕಾಡುತ್ತದೆ ಎಂದು ತೋರಿಸಿದರು. ಒಂದೇ ಬೂಷ್ಟು, ಬೇರೆ ಬೇರೆ ಮೈಗಳಲ್ಲಿ ಬೇರೆ ಬೇರೆ ರೋಗ.

ಕುಳಿಯೇ ಮೂಲ ಎನ್ನುವವರು

ಟಿಬಿ ಮಾಗಿದ ಮೇಲೆ ಶ್ವಾಸಕೋಶದಲ್ಲಿ ಹಲವರಿಗೆ ಕುಳಿ ಉಳಿಯುತ್ತದೆ. ಅದರ ಗೋಡೆಗೆ ರಕ್ತದ ಓಡಾಟ ಸರಿಯಾಗಿಲ್ಲ, ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳೂ ಅಲ್ಲಿಲ್ಲ. ಒಳಗೆ ಬಿದ್ದ ಬೀಜಕಣಕ್ಕೆ ಬೆಚ್ಚಗಿನ, ತೇವದ, ಕೇಳುವವರಿಲ್ಲದ ಜಾಗ ಸಿಕ್ಕಂತಾಯಿತು. ಅಲ್ಲಿ ಬೂಷ್ಟು ನೂಲುನೂಲಾಗಿ ಹೆಣೆದುಕೊಂಡು ಕೆಲವೊಮ್ಮೆ ಉಂಡೆಯಾಗುತ್ತದೆ. ಬಲಿತು ಒಣಗಿದ ತೆಂಗಿನಕಾಯಿಯೊಳಗೆ ಬಿಟ್ಟುಕೊಂಡ ಕೊಬ್ಬರಿ ಗಿಟುಕಿನಂತೆ, ರೋಗಿ ಮಗ್ಗುಲು ಬದಲಿಸಿದರೆ ಉಂಡೆಯೂ ಸ್ಥಳ ಬದಲಿಸುವುದನ್ನು ಎಕ್ಸ್‌ರೇಯಲ್ಲಿ ನೋಡಬಹುದು. ಉಂಡೆ ಕಾಣುವುದು ಕೆಲವರಲ್ಲಿ ಮಾತ್ರ. ಹೆಚ್ಚಿನವರಲ್ಲಿ ಕುಳಿಯ ಗೋಡೆ ದಪ್ಪವಾಗುತ್ತ, ಪಕ್ಕದಲ್ಲಿ ಹೊಸ ಕುಳಿ ಹುಟ್ಟುತ್ತ, ಕೊನೆಗೆ ಆ ಭಾಗದ ಶ್ವಾಸಕೋಶ ಗಟ್ಟಿಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ.

ಈ ಪಂಥದ ದೊಡ್ಡ ಬಲ 1968 ಮತ್ತು 1970ರಲ್ಲಿ ಪ್ರಕಟವಾದ ಬ್ರಿಟಿಷ್ ಸಮೀಕ್ಷೆ. ಟಿಬಿ ವಾಸಿಯಾದರೂ 2.5 ಸೆಂಟಿಮೀಟರಿಗಿಂತ ಕಡಿಮೆ ಇಲ್ಲದ ಕುಳಿ ಉಳಿದಿದ್ದ 544 ಮಂದಿಯನ್ನು ನೋಡಿದರು. ಶೇ 25ರಷ್ಟು ಮಂದಿಯ ರಕ್ತದಲ್ಲಿ ಆಸ್ಪರ್ಜಿಲಸ್ ವಿರುದ್ಧದ ಪ್ರತಿಕಾಯ ಇತ್ತು, ಶೇ 11ರಷ್ಟು ಮಂದಿಗೆ ಉಂಡೆಯೇ ಇತ್ತು. ಮೂರು ವರ್ಷ ಬಿಟ್ಟು ಮತ್ತೆ ನೋಡಿದಾಗ ಈ ಅಂಕಿ ಶೇ 34 ಮತ್ತು ಶೇ 17ಕ್ಕೆ ಏರಿತ್ತು. ಬೂಷ್ಟು ಬಂದು ಕೂತು ಸುಮ್ಮನಿರುವುದಿಲ್ಲ, ಕಾಲ ಕಳೆದಂತೆ ಕುಳಿ ಇರುವವರಲ್ಲಿ ಹೆಚ್ಚುತ್ತ ಹೋಗುತ್ತದೆ ಎಂದು ಅದು ಹೇಳಿತು. ಆದರೆ ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಟಿಬಿಯೇ ಕರಗುತ್ತಿತ್ತು. ಟಿಬಿ ತುಂಬಿದ ದೇಶಗಳಲ್ಲಿ ಇಂಥ ಎಣಿಕೆ ನಡೆಯಲು ಅರ್ಧ ಶತಮಾನ ಹಿಡಿಯಿತು. ಉಗಾಂಡದ ಗುಲು ಪಟ್ಟಣದಲ್ಲಿ ನಡೆದ ಅಧ್ಯಯನ 2019ರಲ್ಲಿ ಹೊರಬಂತು. ಟಿಬಿ ವಾಸಿಯಾದವರಲ್ಲಿ ಎಕ್ಸ್‌ರೇಯಲ್ಲಿ ಕುಳಿ ಇದ್ದವರಿಗೆ ವರ್ಷಕ್ಕೆ ಶೇ 6.5ರಂತೆ ಹೊಸದಾಗಿ ಸಿಪಿಎ ಬಂದರೆ, ಕುಳಿ ಇಲ್ಲದವರಿಗೆ ಶೇ 0.2ರಂತೆ ಬಂದಿತ್ತು. ಅಪಾಯ ಯಾರಿಗೆ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಬೇರೆಲ್ಲೂ ಸಿಕ್ಕಿಲ್ಲ ಎಂದು ನನ್ನ ಅನಿಸಿಕೆ.

ಭಾರತದ ಲೆಕ್ಕ ಬಂದದ್ದು ಚಂಡೀಗಡದ ಪಿಜಿಐ ಸಂಸ್ಥೆಯಿಂದ, 2014ರಲ್ಲಿ. ವರ್ಷಕ್ಕೆ 27,000ದಿಂದ 1.7 ಲಕ್ಷದವರೆಗೆ ಹೊಸ ರೋಗಿಗಳು, ಐದು ವರ್ಷದ ಅವಧಿಯಲ್ಲಿ ಒಟ್ಟು ಸುಮಾರು 2.9 ಲಕ್ಷ ಎಂದು ಅಂದಾಜು. ಆರು ಪಟ್ಟು ವ್ಯತ್ಯಾಸವಿರುವ ಅಂದಾಜನ್ನು ಅಂದಾಜು ಎನ್ನಬೇಕೋ ಊಹೆ ಎನ್ನಬೇಕೋ ಎಂದು ಯಾರಾದರೂ ಕೇಳಬಹುದು. ತಲೆ ಎಣಿಸಿ ಬಂದ ಸಂಖ್ಯೆ ಅದಲ್ಲ. ಟಿಬಿ ರೋಗಿಗಳ ಸಂಖ್ಯೆಯಿಂದ ಹಿಂದಕ್ಕೆ ಗುಣಿಸಿ ತೆಗೆದದ್ದು. ಟಿಬಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಯಮ 2012ರಿಂದ ಇದೆ, ಸಿಪಿಎಗೆ ಅಂಥ ನಿಯಮ ಇಲ್ಲ. ತಿಳಿಸಬೇಕಿಲ್ಲದ ರೋಗ ತಾಲ್ಲೂಕಿನ ರಿಜಿಸ್ಟರಿನಲ್ಲಿ ಸಿಗುವುದಾದರೂ ಹೇಗೆ?

ಕುಳಿಯ ಪಂಥಕ್ಕೆ ಒಂದು ಕೊರತೆ ಉಂಟು. ಅದೇ ಅಳತೆಯ ಕುಳಿ ಇಟ್ಟುಕೊಂಡು ಇಪ್ಪತ್ತು ವರ್ಷ ಆರಾಮಾಗಿ ಇದ್ದವರೂ ಇದ್ದಾರೆ. ಅವರನ್ನು ಬೂಷ್ಟು ಏಕೆ ಬಿಟ್ಟಿತು ಎಂಬುದಕ್ಕೆ ಕುಳಿಯೊಂದೇ ಉತ್ತರ ಕೊಡಲಾರದು.

ದೂಳನ್ನು ದೂರುವವರು

ಮೆಕ್ಕೆಜೋಳದ ತೆನೆ ಬಿಡಿಸುವ ಮಷಿನ್ನಿನ ಮುಂದೆ ನಿಂತವರಿಗೆ ಗೊತ್ತು, ಅರ್ಧ ಗಂಟೆಯಲ್ಲಿ ರೆಪ್ಪೆಯೆಲ್ಲ ಬೆಳ್ಳಗಾಗುತ್ತದೆ. ಕಟಾವಿನ ಹೊತ್ತಿಗೆ ಮಳೆ ಹಿಡಿದ ವರ್ಷ ರಸ್ತೆಯ ಮೇಲೆ ಹರವಿದ ಕಾಳು ಒಣಗದೆ ಹಸಿರು ಹಳದಿ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು ಬಹುಪಾಲು ಆಸ್ಪರ್ಜಿಲಸ್ ಫ್ಲೇವಸ್. ಈರುಳ್ಳಿಯ ಹೊರ ಸಿಪ್ಪೆಯ ಮೇಲೆ ಕೈಗೆ ಅಂಟುವ ಮಸಿಯಂಥ ಪುಡಿ ಆಸ್ಪರ್ಜಿಲಸ್ ನೈಗರ್. ಕಾವು ಬಂದ ತಿಪ್ಪೆಯೊಳಗೆ ಸುಖವಾಗಿ ಬೆಳೆಯುವುದು ಆಸ್ಪರ್ಜಿಲಸ್ ಫ್ಯುಮಿಗೇಟಸ್. ಐವತ್ತು ಡಿಗ್ರಿ ಬಿಸಿಯನ್ನೂ ತಾಳುವ ಅದಕ್ಕೆ ಮೂವತ್ತೇಳು ಡಿಗ್ರಿಯ ಮನುಷ್ಯನ ಮೈ ಯಾವ ಲೆಕ್ಕ. ಹೀಗೆ ಐದು ತಾಲ್ಲೂಕಿನ ಹೊಲ, ಕಣ, ಗೋದಾಮುಗಳಲ್ಲಿ ಈ ಕುಲದ ಮೂವರು ಮುಖ್ಯಸ್ಥರೂ ಸಿಗುತ್ತಾರೆ. ಗಣಿ, ಕ್ರಷರ್‌ಗಳ ಕಲ್ಲುದೂಳು ಇನ್ನೊಂದು ಬಗೆಯಲ್ಲಿ ಕೆಡುಕು ಮಾಡುತ್ತದೆ. ಸಿಲಿಕಾ ಕಣ ಶ್ವಾಸಕೋಶದ ಕಾವಲು ಜೀವಕೋಶಗಳನ್ನೇ ಕೊಲ್ಲುವುದರಿಂದ ಮೊದಲು ಟಿಬಿಗೆ, ಅದರ ಹಿಂದೆ ಬೂಷ್ಟಿಗೆ ದಾರಿಯಾಗುತ್ತದೆ.

ಪ್ಯಾರಿಸ್ಸಿನ ಪಾರಿವಾಳದವರ ಕಥೆ ಈ ಪಂಥಕ್ಕೆ ಅಚ್ಚುಮೆಚ್ಚು. ಆದರೆ ಅದನ್ನು ಎಳೆದಷ್ಟೂ ಎಳೆಯಲಾಗದು. ಕಣದಲ್ಲಿ ದುಡಿಯುವ ಸಾವಿರ ಮಂದಿಯಲ್ಲಿ ಬಹುತೇಕ ಎಲ್ಲರೂ ಸಂಜೆ ಮುಖ ತೊಳೆದು ಊಟ ಮಾಡಿ ಮಲಗುತ್ತಾರೆ, ಯಾವ ರೋಗವೂ ಬರುವುದಿಲ್ಲ. ದೂಳು ಒಂದೇ ಕಾರಣವಾಗಿದ್ದರೆ ಕಟಾವು ಮುಗಿದ ತಿಂಗಳು ಆಸ್ಪತ್ರೆಗಳು ತುಂಬಬೇಕಿತ್ತು.

ಇಲ್ಲಿ ಎರಡು ಗೊಂದಲಗಳನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ತಿಂದರೆ ಯಕೃತ್ತು ಕೆಡಿಸುವ ವಿಷ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಕೆಟ್ಟ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತದ್ದು ಅದರಿಂದ. ಅದು ಹೊಟ್ಟೆಯ ದಾರಿ, ಶ್ವಾಸದ ಸೋಂಕಲ್ಲ. ಹಾಗೆಯೇ ಕೊಳೆತ ಹುಲ್ಲಿನ ದೂಳಿಗೆ ಕೆಲವರಲ್ಲಿ ಸಂಜೆಯ ಹೊತ್ತಿಗೆ ಜ್ವರ, ದಮ್ಮು ಬರುವ ಇನ್ನೊಂದು ರೋಗವಿದೆ. ಅದೂ ಸೋಂಕಲ್ಲ, ಮೈ ತೋರುವ ಅತಿರೇಕ. ಅದಕ್ಕೆ ಬೂಷ್ಟಿನ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ.

ಮೈಯೇ ಕಾರಣ ಎನ್ನುವವರು

2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಕಪ್ಪು ಶಿಲೀಂಧ್ರವನ್ನು ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಕೊರೊನಾದಿಂದ ಎದ್ದವರ ಮೂಗು, ಕಣ್ಣು, ದವಡೆ ಹಿಡಿದ ಆ ಬೂಷ್ಟು ಆಸ್ಪರ್ಜಿಲಸ್ ಅಲ್ಲ, ಮ್ಯೂಕರ್ ಗುಂಪಿನದು. ಆಂಫೊಟೆರಿಸಿನ್ ಇಂಜೆಕ್ಷನ್ನಿಗಾಗಿ ಜನ ಊರೂರು ಅಲೆದರು. ಆಗ ಎಲ್ಲರ ಬಾಯಲ್ಲೂ ಇದ್ದದ್ದು ಎರಡೇ ಮಾತು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್. ಶ್ವಾಸಕೋಶದ ಬೂಷ್ಟಿನಲ್ಲೂ ಇವೆರಡರ ಪಾತ್ರ ಸಣ್ಣದಲ್ಲ. ಸಕ್ಕರೆ ಏರಿದವರಲ್ಲಿ, ಉಸಿರಾಟದ ಹಳೆಯ ಕಾಯಿಲೆಗೆ ವರ್ಷಾನುಗಟ್ಟಲೆ ಸ್ಟೀರಾಯ್ಡ್ ನುಂಗಿದವರಲ್ಲಿ, ಕುಡಿತದಿಂದ ಯಕೃತ್ತು ಕೆಟ್ಟವರಲ್ಲಿ, ಊಟ ಸಾಲದೆ ಬಡಕಲಾದವರಲ್ಲಿ ವರ್ಷಗಟ್ಟಲೆ ಹಿಡಿಯಬೇಕಾದ ರೋಗ ಎರಡು ಮೂರು ತಿಂಗಳಲ್ಲೇ ಮುಗಿಬೀಳುತ್ತದೆ. ಕೆಮ್ಮಿಗೆ ಒಂದು ಸೂಜಿ ಮಾಡಿಸಿಕೊಂಡರೆ ಮಾರನೇ ದಿನ ಕೂಲಿಗೆ ಹೋಗಬಹುದು ಎನ್ನುವವರಿಗೆ ಆ ಸೂಜಿಯಲ್ಲಿ ಏನಿತ್ತೆಂದು ಯಾರೂ ಹೇಳುವುದಿಲ್ಲ. ಎರಡು ದಿನ ಎದೆ ಹಗುರಾದರೆ ಅದರಲ್ಲಿ ಸ್ಟೀರಾಯ್ಡ್ ಇದ್ದಿರಬಹುದು.

ಆಸ್ತಮಾದವರ ಅಲರ್ಜಿ ರೂಪಕ್ಕೆ ಎಬಿಪಿಎ ಎಂದು ಹೆಸರು. ಎಕ್ಸ್‌ರೇಯಲ್ಲಿ ಬಂದುಹೋಗುವ ಮೋಡ, ಕಂದು ಬಣ್ಣದ ಗಟ್ಟಿ ಕಫದ ತುಣುಕು, ರಕ್ತದಲ್ಲಿ ವಿಪರೀತ ಏರಿದ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಅದರ ಲಕ್ಷಣ. ಚಿಕಿತ್ಸೆಯಲ್ಲಿ ಇಲ್ಲಿ ಸ್ಟೀರಾಯ್ಡೇ ಮದ್ದು, ಸಿಪಿಎಯಲ್ಲಿ ಅದೇ ವಿಷ. ಒಂದೇ ಬೂಷ್ಟಿನ ಎರಡು ರೋಗಗಳಿಗೆ ತದ್ವಿರುದ್ಧ ಚಿಕಿತ್ಸೆ ಇರುವುದರಿಂದ ಗುರುತು ತಪ್ಪಿದರೆ ಬೆಲೆ ತೆರಬೇಕಾಗುತ್ತದೆ. ಎಬಿಪಿಎಯನ್ನೂ ಭಾರತದಲ್ಲಿ ಬಹಳಷ್ಟು ಸಲ ಟಿಬಿ ಎಂದೇ ಮೊದಲು ತಿಳಿಯಲಾಗುತ್ತದೆ.

ಗುರುತಿಸುವ ಗೋಜು

ಶ್ವಾಸಕೋಶದ ಮೇಲ್ಭಾಗದಲ್ಲಿ ಕುಳಿ, ಕೆಮ್ಮು, ತೂಕ ಇಳಿಕೆ, ರಕ್ತ. ಟಿಬಿಗೂ ಸಿಪಿಎಗೂ ಇದೇ ಮುಖ. ಹಾಗಾದರೆ ಬೇರೆ ಮಾಡುವುದು ಹೇಗೆ? 2018ರಲ್ಲಿ ಡೇವಿಡ್ ಡೆನಿಂಗ್ ಮತ್ತು ಹಲವು ದೇಶಗಳ ತಜ್ಞರು ಸೌಲಭ್ಯ ಕಡಿಮೆ ಇರುವ ಕಡೆಗಳಿಗಾಗಿ ಒಂದು ಸರಳ ಒರೆಗಲ್ಲು ಕೊಟ್ಟರು. ಮೂರು ತಿಂಗಳಾದರೂ ಹೋಗದ ಲಕ್ಷಣ, ಎಕ್ಸ್‌ರೇ ಅಥವಾ ಸಿಟಿಯಲ್ಲಿ ತಕ್ಕ ಗುರುತು, ರಕ್ತದಲ್ಲಿ ಇಲ್ಲವೇ ಕಫದಲ್ಲಿ ಆಸ್ಪರ್ಜಿಲಸ್ಸಿನ ಸಾಕ್ಷ್ಯ, ಟಿಬಿ ಇಲ್ಲವೆಂಬ ಖಾತರಿ. ನಾಲ್ಕೂ ಕೂಡಿದರೆ ಸಿಪಿಎ.

ಹೇಳಲು ಸುಲಭ. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಕಫ ಟಿಬಿಗಾಗಿಯೇ ಬರುತ್ತದೆ. ಮೇಲಿನ ಲ್ಯಾಬಿನಲ್ಲಿ ಕಲ್ಚರ್‌ಗೆ ಹಾಕುವ ಮುನ್ನ ಕಫವನ್ನು ಕ್ಷಾರದಲ್ಲಿ ಕಲಸಿ ಟಿಬಿಯಲ್ಲದ ಜೀವಿಗಳನ್ನೆಲ್ಲ ಕೊಲ್ಲುತ್ತಾರೆ. ಅದನ್ನೂ ದಾಟಿ ಬೂಷ್ಟು ಬೆಳೆದರೆ ಸ್ಯಾಂಪಲ್ ಕೆಟ್ಟಿತೆಂದು ಬಿಸಾಡುತ್ತಾರೆ. ಟಿಬಿ ಲ್ಯಾಬಿಗೆ ಅದು ಸರಿಯಾದ ಪದ್ಧತಿಯೇ, ತಪ್ಪು ಯಾರದೂ ಅಲ್ಲ. ಆದರೆ ನಮಗೆ ಬೇಕಾದ ಸಾಕ್ಷಿಯನ್ನು ಹುಡುಕುವ ಜಾಗ ಅದಲ್ಲ. ಬೂಷ್ಟಿಗಾಗಿಯೇ ಬೇರೆ ಕಲ್ಚರ್ ಮಾಡಿಸಿದರೂ ಬೆಳೆಯದಿದ್ದರೆ ರೋಗವಿಲ್ಲ ಎನ್ನಲಾಗದು, ಬೆಳೆದರೆ ಗಾಳಿಯಿಂದ ಬಿದ್ದ ಕಣವೂ ಆಗಿರಬಹುದು. ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳಿಂದ ಟಿಬಿ ಪತ್ತೆ ಚುರುಕಾಗಿದೆ ನಿಜ. ಅವು ಹುಡುಕುವುದು ರೋಗಾಣುವಿನ ಡಿಎನ್‌ಎ. ಹಿಂದೊಮ್ಮೆ ಟಿಬಿ ಆಗಿದ್ದವರ ಕಫದಲ್ಲಿ ಸತ್ತ ರೋಗಾಣುವಿನ ಡಿಎನ್‌ಎ ಉಳಿದಿದ್ದರೂ ಫಲಿತಾಂಶ ಟಿಬಿ ಎಂದೇ ಬರಬಹುದು. ಮರಳಿ ಬಂದ ಕೆಮ್ಮಿನವರಲ್ಲೇ ಈ ಯಂತ್ರ ಹೆಚ್ಚು ದಾರಿ ತಪ್ಪಿಸುವುದು ವಿಪರ್ಯಾಸ.

ಉಳಿದದ್ದು ರಕ್ತದ ಪರೀಕ್ಷೆ, ಆಸ್ಪರ್ಜಿಲಸ್ ಐಜಿಜಿ. ಕುಳಿಯೊಳಗಿನ ಬೂಷ್ಟಿಗೆ ಮೈ ಮಾಡಿಕೊಂಡ ಪ್ರತಿಕಾಯವನ್ನು ಅಳೆಯುವ ಇದೇ ಇಂದು ಸಿಪಿಎ ಪತ್ತೆಯ ಬೆನ್ನೆಲುಬು. ಇದರಲ್ಲೂ ಜಗಳವಿದೆ. ಕಿಟ್ ಮಾಡಿದ ಕಂಪನಿ 40ರ ಮೇಲಿದ್ದರೆ ರೋಗ ಎಂದರೆ, ಚಂಡೀಗಡದವರು ನಮ್ಮ ರೋಗಿಗಳಲ್ಲಿ 27ಕ್ಕೇ ಗೆರೆ ಎಳೆಯಬೇಕು ಎಂದು 2018ರಲ್ಲಿ ತೋರಿಸಿದರು. ಎರಡು ಗೆರೆಗಳ ನಡುವೆ ಬಿದ್ದವನು ಯುರೋಪಿನಲ್ಲಿ ನಿರೋಗಿ, ಇಲ್ಲಿ ರೋಗಿ. ಇದಕ್ಕಿಂತ ಗಂಭೀರವಾದದ್ದು, ಕಿಟ್‌ಗಳು ಬಹುಪಾಲು ಫ್ಯುಮಿಗೇಟಸ್ ಬೂಷ್ಟನ್ನು ಇಟ್ಟುಕೊಂಡು ತಯಾರಾದವು. ಬಿಸಿಲ ನಾಡಿನಲ್ಲಿ ಫ್ಲೇವಸ್ಸಿನ ಪಾಲು ಹೆಚ್ಚು. ಮೆಕ್ಕೆಜೋಳದ ಸೀಮೆಯ ರೋಗಿಯ ರಕ್ತದಲ್ಲಿ ಆ ಕಿಟ್ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ? ಒಂದು ಹನಿ ರಕ್ತದ ಸೀರಮ್ಮಿನಲ್ಲಿ ಅರ್ಧ ಗಂಟೆಯೊಳಗೆ ಗೆರೆ ಮೂಡಿಸುವ, ಗರ್ಭ ಪರೀಕ್ಷೆಯ ಮಾದರಿಯ ಪಟ್ಟಿಯೂ ಬಂದಿದೆ. ಕೊಟ್ಟೂರಿನಂಥ ಕಡೆಗೆ ಹೇಳಿ ಮಾಡಿಸಿದ್ದು. ಸದ್ಯಕ್ಕೆ ದೊಡ್ಡ ಊರುಗಳ ಸಂಶೋಧನೆಯಾಚೆಗೆ ಅದರ ಬಳಕೆ ವಿರಳ.

ಸಿಟಿ ಸ್ಕ್ಯಾನ್ ಬೇಕೇ ಬೇಕೇ? ನೋಡುವ ಕಣ್ಣು ಪಳಗಿದ್ದರೆ, ಹಳೆಯ ಎಕ್ಸ್‌ರೇ ಕೈಯಲ್ಲಿದ್ದರೆ, ಶಂಕೆಪಡಲು ಎಕ್ಸ್‌ರೇ ಸಾಕು. ಕುಳಿಯ ಗೋಡೆ ದಪ್ಪವಾಗಿದೆಯೇ, ಹೊಸ ಕುಳಿ ಬಂದಿದೆಯೇ ಎಂಬುದೇ ಮುಖ್ಯ. ಖಚಿತಪಡಿಸಲು ಸಿಟಿ.

ಮಾತ್ರೆ, ಕತ್ತರಿ, ಕಾದು ನೋಡುವುದು

ಉಂಡೆಯೊಂದೇ ಇದ್ದು, ಉಳಿದ ಶ್ವಾಸಕೋಶ ಗಟ್ಟಿಯಾಗಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯುವುದೇ ಶಾಶ್ವತ ಪರಿಹಾರ ಎನ್ನುವ ಶಸ್ತ್ರವೈದ್ಯರ ಮಾತು ಸರಿ. ಟಿಬಿ ತಿಂದ ಶ್ವಾಸಕೋಶಗಳಲ್ಲಿ ಅಂಥ ಅದೃಷ್ಟವಂತರು ಕಡಿಮೆ. ಯಾವ ತೊಂದರೆಯೂ ಇಲ್ಲದೆ ಎಕ್ಸ್‌ರೇಯಲ್ಲಿ ಆಕಸ್ಮಿಕವಾಗಿ ಉಂಡೆ ಕಂಡವರನ್ನು ಸುಮ್ಮನೆ ಗಮನಿಸುತ್ತ ಹೋಗುವುದೂ ಒಪ್ಪಿತ ಮಾರ್ಗವೇ. ನಡುವಿನ ದೊಡ್ಡ ಗುಂಪಿಗೆ ಮಾತ್ರೆ.

ಬೂಷ್ಟು ತಾನಾಗಿ ಬಂದು ಕೂತ ಅತಿಥಿ, ಮಾತ್ರೆ ಏಕೆ ಎಂಬ ಹಳೆಯ ವಾದಕ್ಕೆ ಪೆಟ್ಟು ಕೊಟ್ಟದ್ದು ಚಂಡೀಗಡದ ಒಂದು ಪುಟ್ಟ ಪ್ರಯೋಗ. 2013ರಲ್ಲಿ ಪ್ರಕಟವಾದ ಅದರಲ್ಲಿ ಇದ್ದದ್ದು 31 ರೋಗಿಗಳು. ಬೂಷ್ಟಿನ ಮಾತ್ರೆಯಾದ ಇಟ್ರಾಕೊನಜೋಲ್ ಪಡೆದವರಲ್ಲಿ ಶೇ 76ರಷ್ಟು ಮಂದಿ ಸುಧಾರಿಸಿದರು, ಬರೀ ಆರೈಕೆ ಪಡೆದವರಲ್ಲಿ ಶೇ 36ರಷ್ಟು. ಎಷ್ಟು ದಿನ ಕೊಡಬೇಕೆಂಬ ಮುಂದಿನ ಪ್ರಶ್ನೆಗೂ ಅವರೇ 164 ರೋಗಿಗಳ ಪ್ರಯೋಗದಿಂದ 2022ರಲ್ಲಿ ಉತ್ತರ ಕೊಟ್ಟರು. ಆರು ತಿಂಗಳಿಗೆ ನಿಲ್ಲಿಸಿದವರಲ್ಲಿ ಶೇ 38 ಮಂದಿಗೆ ರೋಗ ಮರುಕಳಿಸಿತು, ಹನ್ನೆರಡು ತಿಂಗಳು ನುಂಗಿದವರಲ್ಲಿ ಶೇ 10 ಮಂದಿಗೆ. ಭಾರತದ ರೋಗಿಗಳ ಮೇಲೆ ಭಾರತದವರೇ ಮಾಡಿದ ಪ್ರಯೋಗ ಜಗತ್ತಿನ ಚಿಕಿತ್ಸೆಗೆ ದಾರಿ ತೋರಿದ ಕೆಲವೇ ಸಂದರ್ಭಗಳಲ್ಲಿ ಇದೊಂದು. ಅದರ ಸುದ್ದಿ ಕೂಡ್ಲಿಗಿಗೆ ತಲುಪುವ ದಾರಿ ಮಾತ್ರ ಯಾಕೋ ಬಹಳ ಉದ್ದ.

ಇಟ್ರಾಕೊನಜೋಲ್ ಅಪರೂಪದ ಮದ್ದೇನಲ್ಲ. ಹುಳುಕಡ್ಡಿ, ಗಜಕರ್ಣಕ್ಕೆಂದು ಈ ಐದು ತಾಲ್ಲೂಕಿನ ಯಾವ ಮೆಡಿಕಲ್ ಶಾಪಿನಲ್ಲೂ ಕೇಳಿದರೆ ಸಿಗುತ್ತದೆ. ಔಷಧಿ ಊರಲ್ಲೇ ಇದ್ದು, ರೋಗ ಗುರುತಿಸುವ ಪರೀಕ್ಷೆ ನೂರು ಕಿಲೋಮೀಟರ್ ದೂರ ಇರುವ ಸ್ಥಿತಿ ಇದು. ಆದರೆ ಗಜಕರ್ಣಕ್ಕೆ ನುಂಗಿದಂತೆ ಇದಕ್ಕೆ ನುಂಗಲಾಗದು. ದಿನಕ್ಕೆ 200 ಮಿಲಿಗ್ರಾಂ ಎರಡು ಸಲ, ತಿಂಗಳುಗಟ್ಟಲೆ. ಕ್ಯಾಪ್ಸೂಲು ಕರಗಲು ಹೊಟ್ಟೆಯಲ್ಲಿ ಹುಳಿ ಬೇಕು, ಹಾಗಾಗಿ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಗ್ಯಾಸ್ ಮಾತ್ರೆಯೆಂದು ಎಲ್ಲ ಚೀಟಿಯಲ್ಲೂ ಬರೆಯುವ ಪ್ಯಾಂಟೊಪ್ರಜೋಲ್ ಆ ಹುಳಿಯನ್ನೇ ಇಳಿಸಿ ಮದ್ದನ್ನು ವ್ಯರ್ಥ ಮಾಡುತ್ತದೆ. ಹೃದಯ ಸೋತವರಿಗೆ ಕೊಡುವಂತಿಲ್ಲ, ಕಾಲು ಊದಿದರೆ ತಕ್ಷಣ ಹೇಳಬೇಕು. ಆಸ್ತಮಾದ ಬುಡೆಸೊನೈಡ್ ಇನ್‌ಹೇಲರ್ ಜೊತೆ ಸೇರಿದರೆ ಆ ಸ್ಟೀರಾಯ್ಡ್ ಮೈಯಲ್ಲಿ ಕರಗದೆ ಉಳಿದು ಮುಖ ಊದಿಸುತ್ತದೆ. ಎಲ್ಲಕ್ಕಿಂತ ದೊಡ್ಡದು ಟಿಬಿ ಮಾತ್ರೆಯೊಳಗಿನ ರಿಫಾಂಪಿಸಿನ್. ಯಕೃತ್ತನ್ನು ಅದು ಎಷ್ಟು ಚುರುಕು ಮಾಡುತ್ತದೆಂದರೆ ಇಟ್ರಾಕೊನಜೋಲ್ ರಕ್ತದಲ್ಲಿ ನಿಲ್ಲುವುದೇ ಇಲ್ಲ. ಟಿಬಿ ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಈ ಪರಿಣಾಮ ಉಳಿಯುತ್ತದೆ. ಟಿಬಿ ಇರಬಹುದು, ಬೂಷ್ಟೂ ಇರಬಹುದು, ಎರಡಕ್ಕೂ ಕೊಟ್ಟುಬಿಡೋಣ ಎಂಬ ಜಾಣತನ ಇಲ್ಲಿ ನಡೆಯದು.

ರಕ್ತ ಕೆಮ್ಮುವುದು ಬೇರೆಯೇ ಪ್ರಸಂಗ. ಎಳೆಯಷ್ಟು ಬಂದರೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಸಾಕಾಗಬಹುದು. ಲೋಟಗಟ್ಟಲೆ ಬಂದರೆ ತೊಡೆಯ ಸಂದಿನ ರಕ್ತನಾಳದಿಂದ ಕೊಳವೆ ಹಾಯಿಸಿ, ಸೋರುವ ನಾಳವನ್ನು ಒಳಗಿನಿಂದ ಮುಚ್ಚಬೇಕು. ದೊಡ್ಡ ಊರುಗಳಲ್ಲಷ್ಟೇ ಆಗುವ ಕೆಲಸ ಅದು. ಹಡಗಲಿಯ ರೋಗಿಗೆ ಆ ರಾತ್ರಿ ಆಂಬುಲೆನ್ಸ್ ಎತ್ತ ಹೋಗಬೇಕೆಂಬುದು ಗೊತ್ತಿರಬೇಕು.

ಖರ್ಚಿನ ಮಾತು ಬಂದರೆ ಟಿಬಿಯ ಮಾತ್ರೆ ಪೂರ್ತಿ ಉಚಿತ, ಟಿಬಿ ರೋಗಿಯ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣೆಯ ಹಣ 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ. ಅದೇ ರೋಗಿ ಟಿಬಿ ಗೆದ್ದು ಬೂಷ್ಟಿಗೆ ಸಿಕ್ಕರೆ ಅವನ ಹೆಸರಿನ ಕಾರ್ಯಕ್ರಮ ಯಾವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಇಟ್ರಾಕೊನಜೋಲನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 2022ರ ಅಕ್ಟೋಬರಿನಲ್ಲಿ ಹೊರಡಿಸಿದ ಅಪಾಯಕಾರಿ ಶಿಲೀಂಧ್ರಗಳ ಮೊದಲ ಪಟ್ಟಿಯ ಅತಿ ಮುಖ್ಯ ವರ್ಗದಲ್ಲಿ ಆಸ್ಪರ್ಜಿಲಸ್ ಫ್ಯುಮಿಗೇಟಸ್ಸನ್ನು ಇಟ್ಟಿತು.

ಹೊಲದ ಔಷಧಿಯ ನೆರಳು

ಮೆಡಿಕಲ್ ಶಾಪಿನ ಪಕ್ಕದಲ್ಲೇ ಇರುವ ಗೊಬ್ಬರದಂಗಡಿಯ ಕಪಾಟಿನಲ್ಲಿ ಹೆಕ್ಸಾಕೊನಜೋಲ್, ಟೆಬುಕೊನಜೋಲ್, ಪ್ರೊಪಿಕೊನಜೋಲ್ ಇರುತ್ತವೆ. ಭತ್ತ, ಈರುಳ್ಳಿ, ದಾಳಿಂಬೆಯ ಬೂಷ್ಟುರೋಗಗಳಿಗೆ ಸಿಂಪಡಿಸುವವು. ಶ್ವಾಸಕೋಶಕ್ಕೆ ಕೊಡುವ ಇಟ್ರಾಕೊನಜೋಲ್ ಬೂಷ್ಟಿನ ಯಾವ ಕಿಣ್ವವನ್ನು ಕಟ್ಟಿಹಾಕುತ್ತದೋ ಇವೂ ಅದನ್ನೇ ಕಟ್ಟಿಹಾಕುತ್ತವೆ. ಹೊಲದಲ್ಲಿ ಪದೇ ಪದೇ ಈ ಪೆಟ್ಟು ತಿಂದ ಆಸ್ಪರ್ಜಿಲಸ್ ಅದಕ್ಕೆ ಒಗ್ಗಿಕೊಂಡರೆ, ಒಮ್ಮೆಯೂ ಮಾತ್ರೆ ನುಂಗದ ರೋಗಿಯ ಎದೆಯಲ್ಲೂ ಮಾತ್ರೆ ನಾಟದ ಬೂಷ್ಟು ಬೆಳೆಯಬಹುದು. ಹೀಗೊಂದು ಶಂಕೆಯನ್ನು ನೆದರ್‌ಲ್ಯಾಂಡ್ಸಿನ ವಿಜ್ಞಾನಿಗಳು 2007ರ ಸುಮಾರಿಗೆ ಎತ್ತಿದರು. ಅಲ್ಲಿನ ರೋಗಿಗಳಲ್ಲಿ ಕಂಡ ಅದೇ ರೂಪಾಂತರ ಭಾರತದ ಹೊಲ, ತೋಟಗಳ ಮಣ್ಣಿನಲ್ಲೂ ಇದೆಯೆಂದು 2012ರಲ್ಲಿ ದೆಹಲಿಯ ಅನುರಾಧಾ ಚೌಧರಿ ಮತ್ತು ಸಂಗಡಿಗರು ತೋರಿಸಿದರು. ಭಾರತದ ರೋಗಿಗಳಲ್ಲಿ ಇಂಥ ಬೂಷ್ಟಿನ ಪಾಲು ಇನ್ನೂ ಕಡಿಮೆಯೇ. ರೈತನಿಗೆ ಸಿಂಪಡಣೆ ಬಿಡು ಎನ್ನುವುದೂ ಸುಲಭವಲ್ಲ, ಈರುಳ್ಳಿಯ ನೇರಳೆ ಮಚ್ಚೆ ರೋಗ ಬಂದ ವರ್ಷ ಅವನ ಕೈಗೆ ಏನೂ ಉಳಿಯುವುದಿಲ್ಲ. ಕೃಷಿ ಇಲಾಖೆ, ಆರೋಗ್ಯ ಇಲಾಖೆ ಒಂದೇ ಮೇಜಿನ ಸುತ್ತ ಕೂತು ಮಾತಾಡಬೇಕಾದ ವಿಷಯ ಇದು.

ಇನ್ನೂ ಇತ್ಯರ್ಥವಾಗದ್ದು

ಯಾರನ್ನು, ಯಾವಾಗ ಹುಡುಕಬೇಕೆಂಬುದು ಮೊದಲನೆಯದು. ಟಿಬಿ ಚಿಕಿತ್ಸೆ ಮುಗಿದವರನ್ನು 6, 12, 18, 24ನೇ ತಿಂಗಳಿಗೆ ಕರೆದು ನೋಡಬೇಕೆಂದು ರಾಷ್ಟ್ರೀಯ ಟಿಬಿ ಕಾರ್ಯಕ್ರಮದ ಮಾರ್ಗಸೂಚಿಯಲ್ಲೇ ಇದೆ. ಆ ಭೇಟಿಗೆ ಒಂದು ಎಕ್ಸ್‌ರೇ, ಕುಳಿ ಇದ್ದವರಿಗಷ್ಟೇ ಒಂದು ಐಜಿಜಿ ಪರೀಕ್ಷೆ ಜೋಡಿಸಬೇಕೆಂಬುದು ನನ್ನ ಪಕ್ಷ. ಗುಲುವಿನ ಅಂಕಿಗಳು ಅದಕ್ಕೆ ಸಾಕಷ್ಟು ಆಧಾರ. ಆದರೆ ಹಾಗೆ ಹುಡುಕಿ ಮೊದಲೇ ಚಿಕಿತ್ಸೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆಯೇ ಎಂಬುದನ್ನು ಪ್ರಯೋಗ ಮಾಡಿ ಯಾರೂ ತೋರಿಸಿಲ್ಲ ಎನ್ನುವ ಎದುರು ಪಕ್ಷದ ಮಾತನ್ನೂ ತಳ್ಳಿಹಾಕಲಾಗದು. ಗುಳೆ ಹೋದವರು ಹನ್ನೆರಡನೇ ತಿಂಗಳಿಗೆ ಎಲ್ಲಿರುತ್ತಾರೆಂಬ ಪ್ರಶ್ನೆ ಬೇರೆ.

ರಕ್ತದಲ್ಲಿ ಪ್ರತಿಕಾಯ ಇದ್ದು ಲಕ್ಷಣ ಇಲ್ಲದವರನ್ನು ಏನು ಮಾಡಬೇಕು? ಮೆಕ್ಕೆಜೋಳದ ದೂಳಿನಲ್ಲಿ ಬಾಳುವವರಲ್ಲಿ ರೋಗವಿಲ್ಲದೆಯೂ ಐಜಿಜಿ ಏರಿರಬಹುದೇ? ಗೆರೆಯನ್ನು 40ಕ್ಕೆ ಎಳೆಯಬೇಕೋ 27ಕ್ಕೋ ಎಂಬ ವಾದ ತೀರಬೇಕಾದರೆ ಇಂಥ ಸೀಮೆಯ ನಿರೋಗಿಗಳ ರಕ್ತವನ್ನೇ ಮೊದಲು ಅಳೆಯಬೇಕು. ಹನ್ನೆರಡು ತಿಂಗಳ ನಂತರವೂ ಮರುಕಳಿಸಿದ ಆ ಶೇ 10 ಮಂದಿಗೆ ಜೀವನಪರ್ಯಂತ ಮಾತ್ರೆಯೇ ಎಂಬುದಕ್ಕೂ ಒಮ್ಮತವಿಲ್ಲ.

ಟಿಬಿ ಮತ್ತು ಬೂಷ್ಟು ಎರಡೂ ಒಟ್ಟಿಗೆ ಖಚಿತವಾದವರ ಪಾಡು ಎಲ್ಲಕ್ಕಿಂತ ತೊಡಕಿನದು. ರಿಫಾಂಪಿಸಿನ್ ನಿಲ್ಲಿಸಿದರೆ ಟಿಬಿ ಕೈಮೀರುತ್ತದೆ, ನಿಲ್ಲಿಸದಿದ್ದರೆ ಬೂಷ್ಟಿನ ಮಾತ್ರೆ ನಾಟುವುದಿಲ್ಲ. ಕೆಲವರು ಟಿಬಿ ಪೂರ್ತಿ ಮುಗಿಸಿ ಆಮೇಲೆ ಬೂಷ್ಟಿಗೆ ಕೈಹಾಕುತ್ತಾರೆ, ಕೆಲವರು ರಿಫಾಂಪಿಸಿನ್ ಇಲ್ಲದ ಟಿಬಿ ಮಾತ್ರೆಗಳನ್ನು ಕಟ್ಟಿ ಹೆಚ್ಚು ತಿಂಗಳು ಕೊಡುತ್ತಾರೆ, ಕೆಲವರು ಮೊದಲ ದಿನಗಳನ್ನು ಆಂಫೊಟೆರಿಸಿನ್ ಇಂಜೆಕ್ಷನ್ನಿನ ಆಸರೆಯಲ್ಲಿ ದಾಟಿಸಲು ನೋಡುತ್ತಾರೆ. ಮೂರರಲ್ಲಿ ಯಾವುದು ಹೆಚ್ಚು ಜನರನ್ನು ಉಳಿಸುತ್ತದೆಂದು ಹೇಳುವ ಪ್ರಯೋಗ ಆಗಬೇಕಾಗಿದೆ, ಅದು ಟಿಬಿ ಹೆಚ್ಚಿರುವ ದೇಶದಲ್ಲೇ ಆಗಬೇಕು.